ತೊಳೆದಷ್ಟೂ ಹೆಚ್ಚು ಜಾರುತ್ತಿರುವ ಯೋಗ ಮ್ಯಾಟ್: ನನ್ನ ಕ್ರಮದಲ್ಲಿ ತಪ್ಪೆಲ್ಲಿದೆ?

ಬೆಳಗಿನ ಸಾಧಕಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಒಂದು ಗಂಟೆ ಆಸನಾಭ್ಯಾಸ ಮಾಡುತ್ತಿರುವ ನನಗೆ ಈಚೆಗೆ ಮ್ಯಾಟ್‌ನದೇ ಚಿಂತೆಯಾಗಿದೆ. ಹೊಸದರಲ್ಲಿ ಕೈಕಾಲುಗಳನ್ನು ಭದ್ರವಾಗಿ ಹಿಡಿದುಕೊಳ್ಳುತ್ತಿದ್ದ ಅದೇ ಮ್ಯಾಟ್ ಮೇಲೆ ಈಗ ಅಧೋಮುಖ ಶ್ವಾನಾಸನಕ್ಕೆ ಹೋದ ಕೂಡಲೇ ಅಂಗೈಗಳು ಮುಂದಕ್ಕೆ ಜಾರುತ್ತವೆ. ಬಾಲಾಸನದಲ್ಲಿ ಹಣೆಯೂರಿದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ.

ನಾನು ಸ್ವಚ್ಛತೆಯನ್ನು ಕಡೆಗಣಿಸಿಲ್ಲ. ಪ್ರತಿದಿನ ಅಭ್ಯಾಸ ಮುಗಿದ ಮೇಲೆ ವಿನೆಗರ್ ಬೆರೆಸಿದ ನೀರಿಗೆ ಹದಿನೈದು ಹನಿ ಟೀ ಟ್ರೀ ಎಣ್ಣೆ ಹಾಕಿ ಸಿಂಪಡಿಸಿ ಒರೆಸುತ್ತೇನೆ. ವಾರಕ್ಕೊಮ್ಮೆ ದೊಡ್ಡ ಟಬ್‌ನಲ್ಲಿ ಸೋಪಿನ ನೀರು ತುಂಬಿ, ಮ್ಯಾಟನ್ನು ರಾತ್ರಿಯಿಡೀ ನೆನೆಸಿ, ಮರುದಿನ ಒಂದು ಸಲ ಜಾಲಿಸಿ, ಬಟ್ಟೆ ಒಣಗಿಸುವ ತಂತಿಯ ಮೇಲೆ ಸಂಜೆಯವರೆಗೆ ಬಿಸಿಲಿಗೆ ಹಾಕುತ್ತೇನೆ. ಈ ನಡುವೆ ತಂತಿಯ ಮೇಲೆ ಬೀಳುವ ಮಡಿಕೆಯ ಉದ್ದಕ್ಕೂ ಸಣ್ಣ ಸಣ್ಣ ಬಿರುಕುಗಳೂ ಕಾಣಿಸಿಕೊಂಡಿವೆ. ನಾನು ತೊಳೆಯುವುದು ಇನ್ನೂ ಸಾಲದೇ? ವಿನೆಗರ್ ನೀರಿಗೆ ಸ್ವಲ್ಪ ಬ್ಲೀಚ್ ಸೇರಿಸಿದರೆ ವಾಸನೆ ಹೋಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ರಸಾಯನ ಪಾಠ

ಉಳಿದುದೆಲ್ಲ ಆಮೇಲಾಗಲಿ, ಮೊದಲು ಇದನ್ನು ಓದಿ: ವಿನೆಗರ್ ಮತ್ತು ಬ್ಲೀಚನ್ನು ಎಂದಿಗೂ ಬೆರೆಸಬೇಡಿ. ಬ್ಲೀಚ್‌ನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಆಮ್ಲದೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಹೊರಬೀಳುತ್ತದೆ. ಮುಚ್ಚಿದ ಸ್ನಾನದ ಕೋಣೆಯಲ್ಲಿ ಅದು ಕಣ್ಣು, ಗಂಟಲು, ಶ್ವಾಸಕೋಶಗಳಿಗೆ ದೊಡ್ಡ ಅಪಾಯ. ಅಮೋನಿಯಾ ಇರುವ ಕ್ಲೀನರ್‌ಗಳ ಜೊತೆಗೂ ಬ್ಲೀಚ್ ಬೇಡ. ಎರಡನ್ನೂ ಬೇರೆ ಬೇರೆಯಾಗಿ ಬಳಸುತ್ತೇನೆಂದು ಹೇಳಿದರೂ ನಾನು ಒಪ್ಪುವುದಿಲ್ಲ, ಏಕೆಂದರೆ ಮ್ಯಾಟ್‌ನ ರಂಧ್ರಗಳಲ್ಲಿ ನಿನ್ನೆಯ ವಿನೆಗರ್ ಇನ್ನೂ ಉಳಿದಿರಬಹುದು.

ಬೆಳಗಿನ ಸಾಧಕಿ

ಕೇಳಿದ್ದು ಒಳ್ಳೆಯದಾಯಿತು, ತುಂಬ ಧನ್ಯವಾದಗಳು. ಬ್ಲೀಚ್ ಆಲೋಚನೆಯನ್ನು ಇಲ್ಲಿಗೇ ಕೈಬಿಟ್ಟೆ.

ತರಗತಿ ನಡೆಸುವವಳು

ನಿಮ್ಮ ಮ್ಯಾಟ್ ಯಾವ ವಸ್ತುವಿನದು ಎಂದು ನೀವು ಬರೆದಿಲ್ಲ. ಅದು ಗೊತ್ತಾಗದೆ ಯಾರು ಏನು ಹೇಳಿದರೂ ಕತ್ತಲಲ್ಲಿ ತಡಕಾಡಿದಂತೆ. ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್), ಟಿಪಿಇ (ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್), ಸಹಜ ರಬ್ಬರ್, ಪಾಲಿಯುರೆಥೇನ್ ಮೇಲ್ಪದರ, ಕಾರ್ಕ್, ಹತ್ತಿ, ಸೆಣಬು ಹೀಗೆ ಮ್ಯಾಟ್‌ಗಳು ಹತ್ತು ಬಗೆ. ಒಂದಕ್ಕೆ ಹಿತವಾದದ್ದು ಇನ್ನೊಂದನ್ನು ಹಾಳುಮಾಡುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಒಂದು ಸುಲಭ ಪರೀಕ್ಷೆ ಇದೆ: ಒಣಗಿದ ಮ್ಯಾಟ್‌ನ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ಕೆಲವು ನಿಮಿಷ ಕಾಯಿರಿ. ಹನಿ ಗುಂಡಗೆ ಹಾಗೆಯೇ ನಿಂತರೆ ಅದು ನೀರು ಹೀರದ, ಮುಚ್ಚಿದ ರಂಧ್ರಗಳ ಮ್ಯಾಟ್. ಹನಿ ಒಳಗಿಳಿದು ಕಪ್ಪು ಕಲೆಯಾದರೆ ತೆರೆದ ರಂಧ್ರಗಳದ್ದು. ಎರಡನೆಯ ಬಗೆಯದನ್ನು ನೆನೆಸುವುದೆಂದರೆ ಸ್ಪಂಜನ್ನು ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ ತೆಗೆದಿಟ್ಟಂತೆ.

ಬೆಳಗಿನ ಸಾಧಕಿ

ಈಗಷ್ಟೇ ಹನಿ ಬಿಟ್ಟು ನೋಡಿದೆ. ಎರಡು ನಿಮಿಷದೊಳಗೆ ಪೂರ್ತಿ ಒಳಗಿಳಿಯಿತು. ಹಳೆಯ ರಟ್ಟಿನ ಪಟ್ಟಿಯನ್ನು ಹುಡುಕಿದಾಗ "ಸಹಜ ರಬ್ಬರ್, 5 ಮಿಲಿಮೀಟರ್" ಎಂದು ಬರೆದಿರುವುದು ಕಾಣಿಸಿತು.

ಹಳೆಯ ಅಭ್ಯಾಸಿ

ಹಾಗಾದರೆ ನಿಮ್ಮ ಮೂರು ತೊಂದರೆಗಳಿಗೂ ಕಾರಣ ಕೊಳೆಯಲ್ಲ, ತೊಳೆಯುವ ಕ್ರಮವೇ ಎಂಬುದು ನನ್ನ ಅಭಿಪ್ರಾಯ. ರಾತ್ರಿಯಿಡೀ ನೆನೆದ ರಬ್ಬರ್ ಸೋಪಿನ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ. ಒಂದು ಸಲ ಜಾಲಿಸಿದ ಮಾತ್ರಕ್ಕೆ ಅದು ಹೊರಬರುವುದಿಲ್ಲ. ನೀವು ಅಭ್ಯಾಸ ಮಾಡುವಾಗ ಅಂಗೈಯ ಬೆವರು ಆ ಉಳಿದ ಸೋಪನ್ನು ಮತ್ತೆ ಕರಗಿಸುತ್ತದೆ, ಕೈ ಜಾರುತ್ತದೆ. ಜಾರಿತೆಂದು ನೀವು ಇನ್ನಷ್ಟು ಸೋಪು ಹಾಕುತ್ತೀರಿ. ನನ್ನ ಮೊದಲ ರಬ್ಬರ್ ಮ್ಯಾಟನ್ನು ನಾನು ಹಾಳುಮಾಡಿದ್ದೂ ಹೀಗೆಯೇ, ಆದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ರಸಾಯನ ಪಾಠ

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ನಿಮ್ಮಲ್ಲಿ ಬರುವುದು ಗಡಸು ನೀರಾದರೆ, ನೀವು ಬಳಸುವುದು ಮೈಗೆ ಹಚ್ಚುವ ಸಾಮಾನ್ಯ ಸೋಪಾದರೆ, ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಜೊತೆ ಆ ಸೋಪು ಸೇರಿ ಕರಗದ ಬಿಳಿ ಪದರವಾಗಿ ಕೂರುತ್ತದೆ. ಸ್ನಾನದ ಬಕೆಟ್‌ನ ಒಳಗೋಡೆಗೆ ಅಂಟುವ ಜಿಡ್ಡು ಅದೇ. ಪಾತ್ರೆ ತೊಳೆಯುವ ದ್ರವದಂತಹ ಡಿಟರ್ಜೆಂಟ್‌ಗಳಿಗೆ ಈ ತೊಂದರೆ ಬಹಳ ಕಡಿಮೆ, ಆದ್ದರಿಂದ ಅರ್ಧ ಬಕೆಟ್ ನೀರಿಗೆ ಅದರ ಒಂದೆರಡು ಹನಿ ಸಾಕು. ನೊರೆ ಎದ್ದರಷ್ಟೇ ಶುದ್ಧವಾಯಿತು ಎಂಬ ಭಾವನೆಯನ್ನು ಮ್ಯಾಟ್ ವಿಷಯದಲ್ಲಿ ಪೂರ್ತಿ ಬಿಡಬೇಕು.

ಇನ್ನು ಟೀ ಟ್ರೀ ಎಣ್ಣೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಬಾಟಲಿಯನ್ನು ಎಷ್ಟು ಕುಲುಕಿದರೂ ಕ್ಷಣದಲ್ಲಿ ಮೇಲೆ ತೇಲುತ್ತದೆ, ಕೆಲವು ಸಿಂಪಡಿಕೆಗಳಲ್ಲಿ ಬರೀ ನೀರು ಬಂದು ಕೆಲವದರಲ್ಲಿ ಗಟ್ಟಿ ಎಣ್ಣೆಯೇ ಬರುತ್ತದೆ. ಸಹಜ ರಬ್ಬರ್ ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಲ ಕಳೆದುಕೊಳ್ಳುತ್ತದೆ. ಪ್ರತಿದಿನ ಹದಿನೈದು ಹನಿ ಎಂದರೆ ವರ್ಷಕ್ಕೆ ಐದು ಸಾವಿರ ಹನಿಗಳನ್ನು ದಾಟುತ್ತದೆ.

ಸುಗಂಧ ಪ್ರಿಯೆ

ಎಣ್ಣೆಯನ್ನು ಇಷ್ಟು ಕಟುವಾಗಿ ತಳ್ಳಿಹಾಕುವುದು ಸರಿಯಲ್ಲ. ನಾನು ನಾಲ್ಕು ವರ್ಷಗಳಿಂದ ಲ್ಯಾವೆಂಡರ್ ಎಣ್ಣೆ ಬೆರೆಸಿದ ಸ್ಪ್ರೇ ಬಳಸುತ್ತಿದ್ದೇನೆ, ನನ್ನ ಮ್ಯಾಟ್ ಚೆನ್ನಾಗಿಯೇ ಇದೆ. ಆ ಪರಿಮಳ ಬಂದರೆ ಮನಸ್ಸು ತಾನೇ ಅಭ್ಯಾಸಕ್ಕೆ ಸಿದ್ಧವಾಗುತ್ತದೆ.

ತರಗತಿ ನಡೆಸುವವಳು

ನಿಮ್ಮದು ಪಿವಿಸಿ ಮ್ಯಾಟ್ ಆಗಿರಬಹುದೇ?

ಸುಗಂಧ ಪ್ರಿಯೆ

ಹೌದು, ಪಿವಿಸಿ. ಆ ವ್ಯತ್ಯಾಸವನ್ನು ನಾನು ಯೋಚಿಸಿರಲಿಲ್ಲ.

ತರಗತಿ ನಡೆಸುವವಳು

ನಿಮ್ಮ ಅನುಭವವೂ ನಿಜ, ರಬ್ಬರ್ ಮ್ಯಾಟ್‌ನವರ ಅನುಭವವೂ ನಿಜ. ಪಿವಿಸಿ ಗಟ್ಟಿ ಜೀವದ ವಸ್ತು. ಬೆವರನ್ನು ಹೀರದು, ಒರೆಸಿದರೆ ಮುಗಿಯಿತು. ಆದರೂ ಪರಿಮಳ ಬೇಕಿದ್ದರೆ ಕೋಣೆಗೆ ಬರಲಿ, ಮ್ಯಾಟ್‌ಗೆ ಬೇಡ ಎಂಬುದೇ ನನ್ನ ಸಲಹೆ, ಏಕೆಂದರೆ ಲ್ಯಾವೆಂಡರ್ ಮತ್ತು ಟೀ ಟ್ರೀ ಎರಡೂ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಮ್ಯಾಟ್ ಮೇಲೆ ಮುಖವಿಟ್ಟು ಮಲಗುವವರು ನಾವು. ಇನ್ನೊಂದು ಮಾತು: ಅಭ್ಯಾಸಕ್ಕೆ ಮುನ್ನ ಕೈಕಾಲುಗಳಿಗೆ ಲೋಷನ್ ಹಚ್ಚಿಕೊಂಡು ಬರುವವರ ಮ್ಯಾಟ್ ಮೇಲೆ ಅಂಗೈ, ಅಂಗಾಲುಗಳ ಆಕಾರದಲ್ಲೇ ಜಿಡ್ಡಿನ ಕರೆ ನಿಲ್ಲುತ್ತದೆ. ಕೈಕಾಲು ತೊಳೆದುಕೊಂಡು ಮ್ಯಾಟ್ ಮೇಲೆ ಬಂದರೆ ಮ್ಯಾಟ್ ತೊಳೆಯುವ ಕೆಲಸ ಅರ್ಧಕ್ಕಿಳಿಯುತ್ತದೆ.

ಅಡುಗೆ ಸೋಡಾ ಪಕ್ಷ

ವಾಸನೆಗೆ ನನ್ನ ಮನೆಯ ಪರಿಹಾರ: ಅಡುಗೆ ಸೋಡಾ ಚಿಮುಕಿಸಿ, ಅದರ ಮೇಲೆ ವಿನೆಗರ್ ಸುರಿದು, ಬುಸುಬುಸು ನೊರೆ ಬಂದ ಮೇಲೆ ಒರೆಸುವುದು.

ರಸಾಯನ ಪಾಠ

ಆ ನೊರೆ ಕಣ್ಣಿಗೆ ಚೆಂದ, ಕೆಲಸಕ್ಕೆ ಬರುವುದಿಲ್ಲ. ಕ್ಷಾರ ಮತ್ತು ಆಮ್ಲ ಒಂದನ್ನೊಂದು ನಿಷ್ಕ್ರಿಯಗೊಳಿಸಿ ಇಂಗಾಲದ ಡೈ ಆಕ್ಸೈಡ್ ಹಾರಿಹೋಗುತ್ತದೆ, ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ. ಸೋಡಾ ಒಂದನ್ನೇ ಒಣಗಿದ ಮ್ಯಾಟ್ ಮೇಲೆ ತೆಳ್ಳಗೆ ಹರಡಿ, ಕೆಲವು ಗಂಟೆ ಬಿಟ್ಟು, ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದುಬಿಡಿ ಅಥವಾ ಮೆತ್ತನೆಯ ಬ್ರಶ್‌ನಿಂದ ಗುಡಿಸಿಬಿಡಿ. ವಾಸನೆ ತಗ್ಗಿಸುವ ಗುಣ ಅದಕ್ಕೆ ಹಾಗೆಯೇ ಇದೆ.

ಸಂಶಯಿ

ವಿನೆಗರ್ ಬಗ್ಗೆ ನಿಮ್ಮ ನಿಲುವೇನು? ಒಬ್ಬರು ಅದನ್ನು ಬಿಟ್ಟರೆ ಬೇರೆ ಇಲ್ಲ ಎನ್ನುತ್ತಾರೆ, ಇನ್ನೊಬ್ಬರು ಮುಟ್ಟಲೇಬೇಡಿ ಎನ್ನುತ್ತಾರೆ. ಯಾರನ್ನು ನಂಬಬೇಕು?

ರಸಾಯನ ಪಾಠ

ಬಿಳಿ ವಿನೆಗರ್‌ನಲ್ಲಿ ಸಾಮಾನ್ಯವಾಗಿ ಸುಮಾರು 5 ಪ್ರತಿಶತ ಅಸಿಟಿಕ್ ಆಮ್ಲವಿರುತ್ತದೆ. ಒಂದು ಪಾಲಿಗೆ ನಾಲ್ಕು ಪಾಲು ನೀರು ಸೇರಿಸಿದರೆ ಅದು ಒಂದು ಪ್ರತಿಶತಕ್ಕೆ ಇಳಿಯಿತು. ಗಡಸು ನೀರಿನ ಬಿಳಿ ಕಲೆಯನ್ನೂ ಸೋಪಿನ ಪದರವನ್ನೂ ಅದು ತಕ್ಕಮಟ್ಟಿಗೆ ಬಿಡಿಸುತ್ತದೆ, ಕೆಲವು ವಾಸನೆಗಳನ್ನು ತಗ್ಗಿಸುತ್ತದೆ. ಜಿಡ್ಡನ್ನು ಮಾತ್ರ ಚೆನ್ನಾಗಿ ತೆಗೆಯದು. ನಂಬಬಹುದಾದ ಸೋಂಕುನಿವಾರಕವೂ ಅಲ್ಲ. ಮ್ಯಾಟ್ ತಯಾರಕರೇ ಈ ವಿಷಯದಲ್ಲಿ ಬೇರೆ ಬೇರೆ ಸೂಚನೆ ಕೊಡುವುದರಿಂದ ನಿಮ್ಮ ಮ್ಯಾಟ್‌ನ ಪಟ್ಟಿಯಲ್ಲಿ ಏನಿದೆಯೋ ಅದನ್ನೇ ಪಾಲಿಸಿ.

ಆಲ್ಕೊಹಾಲ್ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 70 ಪ್ರತಿಶತದ ಆಲ್ಕೊಹಾಲ್ ಸೂಕ್ಷ್ಮಾಣುಗಳನ್ನು ಶುದ್ಧ ಆಲ್ಕೊಹಾಲ್‌ಗಿಂತ ಚೆನ್ನಾಗಿ ಕೊಲ್ಲುತ್ತದೆ, ಏಕೆಂದರೆ ಪ್ರೋಟೀನುಗಳು ಕೆಡಲು ನೀರಿನ ಅಂಶವೂ ಬೇಕು. ಆದರೆ ಅದನ್ನು ಪದೇ ಪದೇ ಬಳಸಿದರೆ ರಬ್ಬರ್ ಒಣಗಿ ಬಿರುಸಾಗುತ್ತದೆ, ಪಾಲಿಯುರೆಥೇನ್ ಮೇಲ್ಪದರ ಕೆಡುತ್ತದೆ.

ನಿಯಮ ಪಾಲಕ

ನೀವೆಲ್ಲ ಮ್ಯಾಟ್ ಉಳಿಸುವುದನ್ನೇ ಮಾತಾಡುತ್ತಿದ್ದೀರಿ. ಮ್ಯಾಟ್ ಹೋದರೆ ಹೋಗಲಿ, ರೋಗ ಬರಬಾರದು ಎಂಬುದು ನನ್ನ ವಾದ. ಪಾದದ ಹುಳುಕಡ್ಡಿ, ನರೂಲಿ, ಚರ್ಮದ ಸೋಂಕು ಇವೆಲ್ಲ ಹಂಚಿಕೊಂಡ ನೆಲದಿಂದಲೇ ಹರಡಬಲ್ಲವು. ಬರೀ ನೀರಿನಲ್ಲಿ ಒರೆಸಿದರೆ ಸಾಕೆನ್ನುವುದು ನನಗೆ ಒಪ್ಪಿಗೆಯಿಲ್ಲ.

ತರಗತಿ ನಡೆಸುವವಳು

ಇಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಬೇಕು. ಒಬ್ಬರೇ ಬಳಸುವ ಮನೆಯ ಮ್ಯಾಟ್ ಮೇಲೆ ಇರುವುದು ಹೆಚ್ಚಾಗಿ ನಮ್ಮದೇ ಚರ್ಮದ ಸೂಕ್ಷ್ಮಾಣುಗಳು. ಅಲ್ಲಿ ಬೆವರು, ಸತ್ತ ಚರ್ಮ, ಜಿಡ್ಡನ್ನು ತೆಗೆದು ಪೂರ್ತಿ ಒಣಗಿಸಿದರೆ ಸಾಕು. ಬೆವರಿಗೆ ತನ್ನದೇ ಆದ ವಾಸನೆ ಹೆಚ್ಚೇನೂ ಇಲ್ಲ, ಬ್ಯಾಕ್ಟೀರಿಯಾಗಳು ಅದರಲ್ಲಿರುವುದನ್ನು ಒಡೆದಾಗ ವಾಸನೆ ಹುಟ್ಟುತ್ತದೆ, ಅವುಗಳಿಗೆ ಒದ್ದೆ ಬೇಕು. ಹತ್ತು ಜನ ಬಳಸುವ ತರಗತಿಯ ಮ್ಯಾಟ್‌ಗಳ ಮಾತೇ ಬೇರೆ, ಅಲ್ಲಿ ನಿಮ್ಮ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕಾಗಿಯೇ ನನ್ನ ತರಗತಿಯಲ್ಲಿ ಹಂಚುವ ಮ್ಯಾಟ್‌ಗಳೆಲ್ಲ ನೀರು ಹೀರದ ಬಗೆಯವು. ಮೊದಲು ಕೊಳೆ ಒರೆಸಿ, ಆಮೇಲೆ ಸೋಂಕುನಿವಾರಕ ಸಿಂಪಡಿಸಿ, ಅದರ ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳುತ್ತೇವೆ. ಸಿಂಪಡಿಸಿದ ಮರುಕ್ಷಣವೇ ಒರೆಸಿದರೆ ಅದು ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಕಾಲಿನಲ್ಲಿ ಸೋಂಕಿರುವವರಿಗೆ ಸ್ವಂತ ಮ್ಯಾಟ್ ತರುವಂತೆ ಸಂಕೋಚವಿಲ್ಲದೆ ಹೇಳುತ್ತೇನೆ. ಹಾಗೆಯೇ, ಕೆಲವರಿಗೆ ಸಹಜ ರಬ್ಬರಿನಲ್ಲಿರುವ ಲ್ಯಾಟೆಕ್ಸ್ ಅಲರ್ಜಿ ಇರುತ್ತದೆ. ಅಂಥವರು ಎಷ್ಟು ತೊಳೆದರೂ ಆ ಮ್ಯಾಟ್ ಅವರಿಗೆ ಹೊಂದುವುದಿಲ್ಲ.

ಅವಸರದವನು

ವಾಷಿಂಗ್ ಮಷಿನ್‌ಗೆ ಹಾಕಿದರೆ ಇಷ್ಟೆಲ್ಲ ಚರ್ಚೆಯೇ ಬೇಡವಲ್ಲ?

ಹಳೆಯ ಅಭ್ಯಾಸಿ

ಹತ್ತಿಯ ಮ್ಯಾಟ್ ಆಗಿದ್ದರೆ ಧಾರಾಳವಾಗಿ ಹಾಕಿ: ತಣ್ಣೀರು, ಕಡಿಮೆ ಡಿಟರ್ಜೆಂಟ್, ಮೃದುವಾದ ಸುತ್ತು. ಬಟ್ಟೆ ಮೆತ್ತಗೆ ಮಾಡುವ ದ್ರವವನ್ನು ಮಾತ್ರ ಹಾಕಬೇಡಿ, ಅದು ಎಳೆಗಳ ಮೇಲೆ ನುಣುಪಾದ ಪದರ ಬಿಡುತ್ತದೆ. ರಬ್ಬರ್ ಮತ್ತು ಪಿವಿಸಿಗೆ ಮಷಿನ್ ಬೇಡವೇ ಬೇಡ. ತಿರುಗುವಾಗ ಎಳೆದು ಹರಿಯುವುದು ಒಂದು ಅಪಾಯ. ಇನ್ನೊಂದು, ನೀರು ದಾಟಿಸದ ಹಾಳೆಯ ಮಡಿಕೆಯಲ್ಲಿ ನೀರು ಸಿಕ್ಕಿಕೊಂಡು, ಹಿಂಡುವ ವೇಗದಲ್ಲಿ ಭಾರವೆಲ್ಲ ಒಂದೇ ಕಡೆಗೆ ವಾಲಿ ಮಷಿನ್ ಕುಣಿದು ಕೆಡಬಹುದು. ಡ್ರೈಯರ್‌ನ ಬಿಸಿಯಂತೂ ಯಾವ ಮ್ಯಾಟ್‌ಗೂ ಒಳ್ಳೆಯದಲ್ಲ.

ಬೆಳಗಿನ ಸಾಧಕಿ

ಬಿರುಕುಗಳ ಬಗ್ಗೆ ಯಾರೂ ಹೇಳಲಿಲ್ಲ. ಬಿಸಿಲು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ ಎಂಬ ನಂಬಿಕೆಯಿಂದ ನಾನು ಇಡೀ ದಿನ ಹಾಕುತ್ತಿದ್ದೆ.

ರಸಾಯನ ಪಾಠ

ಕೊಲ್ಲುತ್ತದೆ ಎಂಬುದು ಸರಿ. ಆದರೆ ಅದೇ ನೇರಳಾತೀತ ಕಿರಣ ರಬ್ಬರನ್ನೂ ಒಡೆಯುತ್ತದೆ. ಸಹಜ ರಬ್ಬರ್ ಎಂದರೆ ಪಾಲಿಐಸೊಪ್ರೀನ್ ಎಂಬ ಉದ್ದ ಅಣುಸರಪಳಿ. ಆ ಸರಪಳಿಯಲ್ಲಿ ಸಾಲುಸಾಲಾಗಿ ಇರುವ ದ್ವಿಬಂಧಗಳ (ಇಂಗಾಲದ ಪರಮಾಣುಗಳ ನಡುವಿನ ಜೋಡಿ ಕೊಂಡಿಗಳ) ಮೇಲೆ ಗಾಳಿಯ ಆಮ್ಲಜನಕವೂ ಓಝೋನ್ ಕೂಡ ದಾಳಿ ಮಾಡುತ್ತವೆ. ಬಿಸಿಲೂ ಶಾಖವೂ ಆಮ್ಲಜನಕದ ಕೆಲಸವನ್ನು ಚುರುಕುಗೊಳಿಸುತ್ತವೆ. ರಬ್ಬರ್ ಎಳೆತದಲ್ಲಿರುವ ಕಡೆ ಓಝೋನ್ ಬಿರುಕು ಬಿಡಿಸುತ್ತದೆ. ನೀವು ತೆಳ್ಳನೆಯ ತಂತಿಯ ಮೇಲೆ ನೇತುಹಾಕಿದಾಗ, ನೀರು ಕುಡಿದು ಭಾರವಾದ ಮ್ಯಾಟ್ ಆ ಮಡಿಕೆಯಲ್ಲೇ ಅತಿ ಹೆಚ್ಚು ಎಳೆಯಲ್ಪಡುತ್ತದೆ. ನಿಮ್ಮ ಬಿರುಕುಗಳು ಸರಿಯಾಗಿ ಆ ಗೆರೆಯಲ್ಲೇ ಇರುವುದಕ್ಕೆ ಕಾರಣ ಇದೇ ಎಂದು ನನಗನ್ನಿಸುತ್ತದೆ. ನೆರಳು, ಗಾಳಿ, ದಪ್ಪನೆಯ ಕೊಳವೆ ಅಥವಾ ಎರಡು ಕುರ್ಚಿಗಳ ಬೆನ್ನು, ಇಷ್ಟು ಸಾಕು. ನಿಲ್ಲಿಸಿದ ಕಾರಿನೊಳಗೆ ಮ್ಯಾಟ್ ಬಿಡುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಸಂಶಯಿ

ಇಷ್ಟು ಸೂಕ್ಷ್ಮವಾಗಿದ್ದರೆ ರಬ್ಬರ್ ಮ್ಯಾಟ್ ಏಕೆ ಬೇಕು? ಪಿವಿಸಿ ಒಂದೇ ಸಾಕಲ್ಲವೇ?

ಹಳೆಯ ಅಭ್ಯಾಸಿ

ಹಿಡಿತಕ್ಕಾಗಿ ಬೇಕು. ಈ ಅಂಟುವ ಮ್ಯಾಟ್ ಹುಟ್ಟಿದ್ದೇ ಹಿಡಿತದ ಕೊರತೆಯಿಂದ. ಶಸ್ತ್ರಚಿಕಿತ್ಸೆಯೊಂದರಿಂದ ಅಂಗೈ ಅಂಗಾಲುಗಳು ಬೆವರದೆ ಜಾರುತ್ತಿದ್ದ ಯೋಗ ಶಿಕ್ಷಕಿ ಆಂಜೆಲಾ ಫಾರ್ಮರ್, ಜರ್ಮನಿಯಲ್ಲಿ ಕಲಿಸುತ್ತಿದ್ದಾಗ ಕಾರ್ಪೆಟ್ ಕೆಳಗೆ ಹಾಸುವ ಹಾಳೆಯೊಂದನ್ನು ಕತ್ತರಿಸಿ ಅದರ ಮೇಲೆ ಅಭ್ಯಾಸ ಮಾಡಿದರು. ಮುಂದೆ ಅವರ ತಂದೆ ಅದನ್ನು ತಯಾರಕರಿಂದ ತರಿಸಿ ಮಾರತೊಡಗಿದರು. ಕೈ ಊರಿದಲ್ಲಿ ನಿಲ್ಲಲಿ ಎಂದೇ ಬಂದ ವಸ್ತುವಿನ ಮೇಲೆ ಸೋಪಿನದೋ ಎಣ್ಣೆಯದೋ ಪದರ ಕೂರಿಸಿದರೆ ಮ್ಯಾಟ್ ಇದ್ದೂ ಇಲ್ಲದಂತೆ.

ಇನ್ನು ಪಿವಿಸಿಯೂ ಹೊಸದರಲ್ಲಿ ಜಾರುತ್ತದೆ, ಕಾರ್ಖಾನೆಯಿಂದ ಬರುವಾಗ ಮೇಲ್ಮೈಯಲ್ಲಿ ತೆಳುವಾದ ಪದರ ಉಳಿದಿರುವುದರಿಂದ. ದಪ್ಪ ಗಟ್ಟಿ ಪಿವಿಸಿ ಮ್ಯಾಟ್ ಆಗಿದ್ದರೆ ಹರಳುಪ್ಪು ಹರಡಿ ಒಂದು ದಿನ ಬಿಟ್ಟು, ಒದ್ದೆ ಬ್ರಶ್‌ನಿಂದ ಉಜ್ಜಿ, ಒರೆಸಿ ಒಣಗಿಸಿದರೆ ಹಿಡಿತ ಬೇಗ ಬರುತ್ತದೆ. ರಬ್ಬರಿಗೆ ಮತ್ತು ಟಿಪಿಇಗೆ ಈ ಉಪ್ಪಿನ ಉಜ್ಜಾಟ ಬೇಡ, ಮೇಲ್ಮೈ ಉದುರಲಾರಂಭಿಸುತ್ತದೆ.

ಕಾರ್ಕ್ ಬಳಕೆದಾರ

ಕಾರ್ಕ್ ಮ್ಯಾಟ್ ಬಗ್ಗೆಯೂ ಎರಡು ಮಾತು ಸೇರಿಸುತ್ತೇನೆ. ಇದು ಒದ್ದೆಯಾದಾಗ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಜಾರಿದರೆ ಅಂಗೈಗೆ ಸ್ವಲ್ಪ ನೀರು ಚಿಮುಕಿಸಿಕೊಳ್ಳುವುದೇ ಉಪಾಯ. ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ನೆನೆಸಿದರೆ ಕಾರ್ಕ್ ಮತ್ತು ಅಡಿಯ ರಬ್ಬರ್ ನಡುವಿನ ಅಂಟು ಬಿಟ್ಟುಹೋಗುತ್ತದೆ. ಸುತ್ತುವಾಗ ಕಾರ್ಕ್ ಹೊರಗಡೆ ಬರುವಂತೆ ಸುತ್ತಿ.

ತರಗತಿ ನಡೆಸುವವಳು

ಆ ಸುತ್ತುವ ಮಾತು ಎಲ್ಲ ಮ್ಯಾಟ್‌ಗಳಿಗೂ ಒಪ್ಪುತ್ತದೆ. ಅಭ್ಯಾಸದ ಮೇಲ್ಮೈ ಹೊರಗಡೆ ಇರುವಂತೆ ಸಡಿಲವಾಗಿ ಸುತ್ತಿದರೆ, ಹಾಸಿದಾಗ ತುದಿಗಳು ನೆಲಕ್ಕೆ ಬಾಗುತ್ತವೆ, ಮೇಲಕ್ಕೆ ಮುದುರಿ ಕಾಲಿಗೆ ಸಿಕ್ಕುವುದಿಲ್ಲ. ಮುಖ್ಯವಾಗಿ, ಬೆವರಿದ ಮ್ಯಾಟನ್ನು ಕೂಡಲೇ ಸುತ್ತಿ ಚೀಲಕ್ಕೆ ತುರುಕಬೇಡಿ. ಅರ್ಧ ಗಂಟೆಯಾದರೂ ಹರವಿ ಬಿಡಿ. ಗಾಳಿಯಾಡದ ಚೀಲದಲ್ಲಿ ಒದ್ದೆ ಮ್ಯಾಟ್ ಇಟ್ಟರೆ ಬೂಷ್ಟು ಹಿಡಿಯಲು ಬೇರೇನೂ ಬೇಕಿಲ್ಲ. ಆ ಚೀಲವನ್ನೂ ಆಗಾಗ ಒಗೆಯಬೇಕೆಂಬುದನ್ನು ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಮರೆಯುತ್ತಾರೆ.

ತೂಕದ ಲೆಕ್ಕ

ಪೂರ್ತಿ ಒಣಗಿತೇ ಎಂದು ತಿಳಿಯಲು ಕೈಯಿಂದ ಮುಟ್ಟಿ ನೋಡುವುದನ್ನು ನಾನು ನಂಬುವುದಿಲ್ಲ, ಏಕೆಂದರೆ ರಬ್ಬರಿನ ಮೇಲ್ಮೈ ಮೊದಲು ಒಣಗಿ ಒಳಗಿನ ನೀರು ಹಾಗೆಯೇ ಇರುತ್ತದೆ. ಪ್ರಯಾಣದ ಚೀಲ ತೂಗುವ ಕೊಕ್ಕೆಯ ತಕ್ಕಡಿ ಇದ್ದರೆ, ತೊಳೆಯುವ ಮುನ್ನ ಒಣ ಮ್ಯಾಟನ್ನು ತೂಗಿ ಬರೆದಿಟ್ಟುಕೊಳ್ಳಿ. ತೊಳೆದ ಮೇಲೆ ಆ ತೂಕಕ್ಕೆ ಮರಳಿದ ದಿನವೇ ಅದು ಒಣಗಿದ ದಿನ. ಬೇಗ ಒಣಗಬೇಕಾದರೆ ಮ್ಯಾಟ್ ಮೇಲೆ ದೊಡ್ಡ ಟವೆಲ್ ಹಾಸಿ, ಎರಡನ್ನೂ ಸೇರಿಸಿ ಸುತ್ತಿ, ಆ ಸುರುಳಿಯ ಮೇಲೆ ಮೊಣಕಾಲೂರಿ ಮೆಲ್ಲಗೆ ಒತ್ತಿ. ಟವೆಲ್ ಬಹಳಷ್ಟು ನೀರನ್ನು ಎಳೆದುಕೊಳ್ಳುತ್ತದೆ. ತಿರುಚಿ ಮಾತ್ರ ಹಿಂಡಬೇಡಿ.

ಬೆಳಗಿನ ಸಾಧಕಿ

ಮೂರು ವಾರಗಳ ನಂತರ ಮರಳಿ ಬಂದಿದ್ದೇನೆ, ಏಕೆಂದರೆ ಫಲಿತಾಂಶ ತಿಳಿಸದೆ ಹೋಗುವುದು ನಿಮ್ಮ ಶ್ರಮಕ್ಕೆ ಅನ್ಯಾಯವಾಗುತ್ತಿತ್ತು. ಮೊದಲ ದಿನ ಸೋಪು ಮುಟ್ಟದೆ, ಮ್ಯಾಟನ್ನು ಹರವಿ ಬರೀ ನೀರು ಸುರಿದು ಅಂಗೈಯಿಂದ ಒತ್ತಿದೆ. ಒಂದು ತೊಟ್ಟೂ ಸೋಪಿಲ್ಲದೆ ಬಿಳಿ ನೊರೆ ಉಕ್ಕಿ ಬಂತು; ಅದನ್ನು ಕಂಡು ನನಗೆ ದಿಗಿಲಾಯಿತು. ಐದು ಸಲ ಜಾಲಿಸಿದ ಮೇಲೆ ನೀರು ತಿಳಿಯಾಯಿತು. ಟವೆಲ್ ಕ್ರಮದಿಂದ ಹಿಂಡಿ, ನೆರಳಿನಲ್ಲಿ ಎರಡು ಕುರ್ಚಿಗಳ ಮೇಲೆ ಹರವಿದೆ. ಎರಡನೆಯ ದಿನ ಮುಟ್ಟಿದರೆ ಒಣಗಿದಂತಿತ್ತು, ಆದರೆ ತಕ್ಕಡಿ ಇನ್ನೂ 300 ಗ್ರಾಂ ಹೆಚ್ಚು ತೋರಿಸಿತು. ತೂಕ ಹಳೆಯ ಅಂಕಿಗೆ ಬಂದದ್ದು ನಾಲ್ಕನೆಯ ದಿನ. ಅಂದರೆ ಇಷ್ಟು ತಿಂಗಳೂ ನಾನು ಒಳಗೆ ಒದ್ದೆಯಾಗಿಯೇ ಇದ್ದ ಮ್ಯಾಟನ್ನು ಸುತ್ತಿಡುತ್ತಿದ್ದೆ.

ಮುಗ್ಗಲು ವಾಸನೆ ಬಹುಮಟ್ಟಿಗೆ ಹೋಗಿದೆ, ಸೋಡಾ ಒಂದೇ ಸಲ ಹಾಕಿದೆ. ಅಂಗೈಗಳು ಈಗ ಜಾರುವುದಿಲ್ಲ, ಬೆವರು ಹೆಚ್ಚಾದಾಗ ಮಾತ್ರ ಸ್ವಲ್ಪ ಸರಿಯುತ್ತವೆ. ಪ್ರತಿದಿನ ಹಿಂಡಿದ ಬಟ್ಟೆಯಿಂದ ಒರೆಸಿ ಗಾಳಿಗೆ ಬಿಡುತ್ತಿದ್ದೇನೆ, ಅಷ್ಟೇ. ಬಿರುಕುಗಳು ಹಾಗೆಯೇ ಇವೆ. ಅವನ್ನು ಸರಿಪಡಿಸುವ ದಾರಿ ಇದೆಯೇ?

ರಸಾಯನ ಪಾಠ

ಇಲ್ಲ. ಒಡೆದ ಸರಪಳಿಯನ್ನು ಮನೆಯಲ್ಲಿ ಮತ್ತೆ ಜೋಡಿಸಲಾಗದು. ಅಂಟು ಹಚ್ಚಿದರೆ ಆ ಜಾಗ ಗಟ್ಟಿಯಾಗಿ ಪಕ್ಕದಲ್ಲಿ ಹೊಸ ಬಿರುಕು ಬಿಡುತ್ತದೆ. ಬಿರುಕುಗಳು ಮ್ಯಾಟ್‌ನ ಯಾವ ಭಾಗದಲ್ಲಿವೆ?

ಬೆಳಗಿನ ಸಾಧಕಿ

ನಡುವಿಗಿಂತ ಸ್ವಲ್ಪ ಕೆಳಗೆ, ಕುಳಿತಾಗ ಸೊಂಟ ಬರುವ ಜಾಗದಲ್ಲಿ.

ಹಳೆಯ ಅಭ್ಯಾಸಿ

ಹಾಗಾದರೆ ಕೈಕಾಲು ಊರುವ ಜಾಗವಲ್ಲ, ಈಗಲೇ ಎಸೆಯಬೇಡಿ. ಪುಡಿ ಉದುರಲಾರಂಭಿಸಿದ ದಿನ ಆ ಗೆರೆಯಲ್ಲೇ ಕತ್ತರಿಸಿ. ಒಂದು ತುಂಡು ಉಷ್ಟ್ರಾಸನದಲ್ಲಿ ಮೊಣಕಾಲಿನಡಿಗೆ, ಇನ್ನೊಂದು ಸರ್ವಾಂಗಾಸನದಲ್ಲಿ ಮಡಿಸಿದ ಕಂಬಳಿ ಜಾರದಂತೆ ಅದರ ಕೆಳಗೆ. ನನ್ನ ಹಾಳಾದ ಮೊದಲ ಮ್ಯಾಟ್‌ನ ತುಂಡುಗಳು ಇಂದಿಗೂ ಅದೇ ಕೆಲಸದಲ್ಲಿವೆ.